ಜೆನೆರಿಕ್ ಔಷಧ ಬ್ರ್ಯಾಂಡ್ ಔಷಧದಷ್ಟೇ ಕೆಲಸ ಮಾಡುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಮಾತಿನಲ್ಲಿ ಹೇಳಿ: ಜೆನೆರಿಕ್ ಮಾತ್ರೆ ಮೂಲ ಬ್ರ್ಯಾಂಡಿನಷ್ಟೇ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಜೆನೆರಿಕ್ ಎಂದರೆ ಮೂಲ ಕಂಪನಿಯ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧ. ಕಟ್ಟುನಿಟ್ಟಾದ ನಿಯಂತ್ರಣ ಸಂಸ್ಥೆಯ ಪರೀಕ್ಷೆಯಲ್ಲಿ ಪಾಸಾಗಿ ಬಂದ ಜೆನೆರಿಕ್ ಆಗಿದ್ದರೆ, ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಸೋಂಕು, ಅಸಿಡಿಟಿ, ನೋವು, ಖಿನ್ನತೆ ಹೀಗೆ ಬಹುಪಾಲು ಕಾಯಿಲೆಗಳ ಮಾತ್ರೆಗಳಲ್ಲಿ ರೋಗಿಗೆ ಗೊತ್ತಾಗುವಂಥ ವ್ಯತ್ಯಾಸ ಇರುವುದಿಲ್ಲ. ಎಚ್ಚರ ಬೇಕಾದ ಔಷಧಗಳ ಪಟ್ಟಿ ಚಿಕ್ಕದು, ಅದು ಕೆಳಗಿದೆ. ಆ ಪಟ್ಟಿಯಲ್ಲಿರುವ ಔಷಧಗಳಲ್ಲೂ ತೊಂದರೆ ಹೆಚ್ಚಾಗಿ ಬರುವುದು ಮಾತ್ರೆ ಬದಲಾದದ್ದು ವೈದ್ಯರಿಗೂ ರೋಗಿಗೂ ಗೊತ್ತಾಗದೆ ಹೋದಾಗ.

ಎರಡರಲ್ಲಿ ಯಾವುದು ಒಂದೇ, ಯಾವುದು ಬೇರೆ?

ಕಾಯಿಲೆಯ ಮೇಲೆ ಕೆಲಸ ಮಾಡುವ ಸಕ್ರಿಯ ಘಟಕ ಒಂದೇ, ಅದರ ಪ್ರಮಾಣ ಒಂದೇ, ತೆಗೆದುಕೊಳ್ಳುವ ದಾರಿ ಒಂದೇ: ಬಾಯಿಂದ, ಚುಚ್ಚುಮದ್ದಾಗಿ ಅಥವಾ ಚರ್ಮದ ಮೇಲೆ. ಮಾತ್ರೆಯನ್ನು ಗಟ್ಟಿಯಾಗಿ ಹಿಡಿದಿಡುವ ಪಿಷ್ಟ, ಲ್ಯಾಕ್ಟೋಸ್, ಸೆಲ್ಯುಲೋಸ್, ಮೆಗ್ನೀಸಿಯಂ ಸ್ಟಿಯರೇಟ್‌ನಂಥ ತುಂಬುಪದಾರ್ಥಗಳು, ಬಣ್ಣ, ಹೊರಲೇಪ, ಆಕಾರ ಮತ್ತು ಹೆಸರು ಬೇರೆಯಾಗಬಹುದು. ತುಂಬುಪದಾರ್ಥಕ್ಕೆ ಕಾಯಿಲೆ ವಾಸಿಮಾಡುವ ಗುಣ ಇಲ್ಲ ಎಂದು ಅದನ್ನು ಕಡೆಗಣಿಸುವಂತಿಲ್ಲ. ಮಾತ್ರೆ ಹೊಟ್ಟೆಯಲ್ಲಿ ಎಷ್ಟು ಬೇಗ ಒಡೆದು ಕರಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಆದ್ದರಿಂದಲೇ ಒಳಗಿನ ಔಷಧ ಅದೇ ಇದೆ ಎಂದ ಮಾತ್ರಕ್ಕೆ ಅನುಮತಿ ಸಿಗುವುದಿಲ್ಲ. ಆ ಔಷಧ ರಕ್ತಕ್ಕೆ ಅಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ಸೇರುತ್ತದೆ ಎಂದೂ ತೋರಿಸಬೇಕಾಗುತ್ತದೆ.

ಅದನ್ನು ಹೇಗೆ ತೋರಿಸುತ್ತಾರೆ?

ಈ ಪರೀಕ್ಷೆಯನ್ನು ಬಯೋಈಕ್ವಿವಲೆನ್ಸ್ ಅಧ್ಯಯನ ಎನ್ನುತ್ತಾರೆ. ಸಾಮಾನ್ಯವಾಗಿ 24ರಿಂದ 36 ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು ಆರಿಸಿಕೊಳ್ಳುತ್ತಾರೆ. ಅರ್ಧ ಜನ ಮೊದಲು ಮೂಲ ಬ್ರ್ಯಾಂಡ್ ತೆಗೆದುಕೊಳ್ಳುತ್ತಾರೆ, ಉಳಿದವರು ಜೆನೆರಿಕ್. ಪ್ರತಿಯೊಬ್ಬರಿಂದಲೂ ನಿಗದಿತ ಹೊತ್ತಿಗೆ ಹತ್ತಾರು ಬಾರಿ ರಕ್ತ ತೆಗೆದು ಔಷಧದ ಮಟ್ಟ ಅಳೆಯುತ್ತಾರೆ. ದೇಹದಲ್ಲಿ ಔಷಧ ಅರ್ಧಕ್ಕಿಳಿಯಲು ಬೇಕಾದ ಸಮಯದ ಕನಿಷ್ಠ ಐದು ಪಟ್ಟು ಕಾದು, ಹಳೆಯದೆಲ್ಲ ಹೊರಹೋದ ಮೇಲೆ, ಎರಡೂ ಗುಂಪುಗಳಿಗೆ ಮಾತ್ರೆ ಅದಲುಬದಲು ಮಾಡಿ ಮತ್ತೆ ಅಳೆಯುತ್ತಾರೆ. ಹೀಗೆ ಪ್ರತಿಯೊಬ್ಬರನ್ನೂ ಅವರ ಜತೆಗೇ ಹೋಲಿಸಿದಂತಾಗುತ್ತದೆ. ಒಬ್ಬರ ಯಕೃತ್ತು ಚುರುಕು, ಇನ್ನೊಬ್ಬರದು ನಿಧಾನ ಎಂಬ ವ್ಯತ್ಯಾಸ ಲೆಕ್ಕವನ್ನು ಕೆಡಿಸುವುದಿಲ್ಲ.

ಮುಖ್ಯವಾಗಿ ನೋಡುವುದು ಎರಡು ಅಂಕಿಗಳನ್ನು. ರಕ್ತದಲ್ಲಿ ಔಷಧ ಮುಟ್ಟಿದ ಗರಿಷ್ಠ ಮಟ್ಟ ಒಂದು, ಒಟ್ಟಾರೆ ದೇಹಕ್ಕೆ ದಕ್ಕಿದ ಔಷಧದ ಪ್ರಮಾಣ ಇನ್ನೊಂದು.

ಹೊಸ ಔಷಧಕ್ಕೆ ಮಾಡಿದಂತೆ ಸಾವಿರಾರು ರೋಗಿಗಳ ಮೇಲೆ ಮತ್ತೆ ಪ್ರಯೋಗ ನಡೆಸುವುದಿಲ್ಲ. ಆ ಅಣು ಕೆಲಸ ಮಾಡುತ್ತದೆ ಎಂಬುದು ಆಗಲೇ ಸಾಬೀತಾಗಿದೆ. ರಕ್ತದಲ್ಲಿ ಅದೇ ಮಟ್ಟ ಬಂದರೆ ಪರಿಣಾಮವೂ ಅದೇ. ನೀರಿನಲ್ಲಿ ಸುಲಭವಾಗಿ ಕರಗಿ ಕರುಳಿನಲ್ಲಿ ಚೆನ್ನಾಗಿ ಹೀರಲ್ಪಡುವ ಕೆಲವು ಔಷಧಗಳಿಗೆ ಮನುಷ್ಯರ ಮೇಲಿನ ಅಧ್ಯಯನಕ್ಕೂ ವಿನಾಯಿತಿ ಇದೆ. ಪ್ರಯೋಗಾಲಯದಲ್ಲಿ ಕರಗುವ ವೇಗವನ್ನು ಹೋಲಿಸಿದರೆ ಸಾಕು.

80ರಿಂದ 125 ಶೇಕಡಾ ಎಂಬ ನಿಯಮ ಇದೆಯಂತೆ. ಅಂದರೆ ಜೆನೆರಿಕ್‌ನಲ್ಲಿ ಔಷಧ ಶೇ. 20 ಕಡಿಮೆ ಇರಬಹುದೇ?

ಇರಬಹುದೆಂದಲ್ಲ. ಇಡೀ ವಿಷಯದಲ್ಲಿ ಅತಿ ಹೆಚ್ಚು ತಪ್ಪಾಗಿ ಹರಡಿರುವ ಮಾತು ಇದು. ಮೊದಲನೆಯದಾಗಿ, ಇದು ರಕ್ತದಲ್ಲಿನ ಔಷಧದ ಮಟ್ಟವನ್ನು ಮೂಲ ಬ್ರ್ಯಾಂಡಿನೊಂದಿಗೆ ಹೋಲಿಸುವ ಅಂಕಿ; ಇದಕ್ಕೂ ಮಾತ್ರೆಯೊಳಗೆ ತುಂಬಿದ ಔಷಧದ ತೂಕಕ್ಕೂ ಸಂಬಂಧವಿಲ್ಲ. ತೂಕಕ್ಕೆ ಬೇರೆಯೇ ಮಿತಿ ಇದೆ, ಸಾಮಾನ್ಯವಾಗಿ ಲೇಬಲ್ಲಿನಲ್ಲಿ ಬರೆದದ್ದರ ಶೇ. 90ರಿಂದ 110, ಅದು ಬ್ರ್ಯಾಂಡಿಗೂ ಜೆನೆರಿಕ್‌ಗೂ ಒಂದೇ.

ಎರಡನೆಯದು, 80–125ರ ಒಳಗೆ ಇರಬೇಕಾದದ್ದು ಸರಾಸರಿ ಒಂದೇ ಅಲ್ಲ, ಆ ಸರಾಸರಿಯ ಸುತ್ತಲಿನ ಶೇ. 90 ವಿಶ್ವಾಸಾರ್ಹತೆಯ ವ್ಯಾಪ್ತಿ (ನಿಜವಾದ ಸರಾಸರಿ ಇರಬಹುದಾದ ಮಿತಿಗಳು) ಪೂರ್ತಿಯಾಗಿ ಇರಬೇಕು. ಒಂದು ಜೆನೆರಿಕ್‌ನ ಸರಾಸರಿ ಶೇ. 85 ಬಂತು ಎಂದುಕೊಳ್ಳಿ. ಅದರ ಸುತ್ತ ಸ್ವಲ್ಪ ಏರಿಳಿತ ಇದ್ದೇ ಇರುತ್ತದೆ. ವ್ಯಾಪ್ತಿ 77ರಿಂದ 94 ಆಯಿತು ಎಂದರೆ ಕೆಳಗಿನ ತುದಿ 80ರ ಗೆರೆ ದಾಟಿತು, ಅರ್ಜಿ ಬಿತ್ತು. ಪಾಸಾಗಬೇಕಾದರೆ ಸರಾಸರಿ 100ರ ಆಸುಪಾಸಿನಲ್ಲೇ ಇರಬೇಕಾಗುತ್ತದೆ. ಮೇಲಿನ ಮಿತಿ 120 ಇರದೆ 125 ಆದದ್ದೇಕೆ ಎಂದರೆ ಲೆಕ್ಕ ನಡೆಯುವುದು ಅನುಪಾತದಲ್ಲಿ: 100ಕ್ಕೆ 80 ಹೇಗೋ, 125ಕ್ಕೆ 100 ಹಾಗೆ.

ಕಾಗದದ ಮೇಲಿನ ಮಿತಿ ಇರಲಿ, ನಿಜವಾಗಿ ಸಿಕ್ಕಿದ್ದು ಏನು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1996ರಿಂದ 2007ರವರೆಗೆ ತಾನು ಒಪ್ಪಿದ ಜೆನೆರಿಕ್‌ಗಳ 2,070 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿತು. ಗರಿಷ್ಠ ಮಟ್ಟದಲ್ಲಿ ಮೂಲ ಬ್ರ್ಯಾಂಡಿಗೂ ಜೆನೆರಿಕ್‌ಗೂ ಇದ್ದ ಸರಾಸರಿ ಅಂತರ ಶೇ. 4.35, ಒಟ್ಟು ಹೀರಿಕೆಯಲ್ಲಿ ಶೇ. 3.56. ಒಂದೇ ಬ್ರ್ಯಾಂಡಿನ ಎರಡು ಬ್ಯಾಚುಗಳ ನಡುವೆಯೂ ಸಣ್ಣ ಅಂತರ ಇರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಅಷ್ಟು ಅಗ್ಗ ಹೇಗೆ?

ಮೂಲ ಕಂಪನಿ ಅಣುವನ್ನು ಹುಡುಕಿ, ಪ್ರಾಣಿಗಳ ಮೇಲೂ ರೋಗಿಗಳ ಮೇಲೂ ವರ್ಷಗಟ್ಟಲೆ ಪರೀಕ್ಷಿಸಿ, ವೈದ್ಯರಿಗೆ ಪರಿಚಯಿಸಲು ಖರ್ಚು ಮಾಡಿರುತ್ತದೆ. ಅದಕ್ಕೆ ಪ್ರತಿಯಾಗಿ ಸಾಮಾನ್ಯವಾಗಿ 20 ವರ್ಷದ ಪೇಟೆಂಟ್ ಸಿಗುತ್ತದೆ. ಅದು ಮುಗಿದ ಮೇಲೆ ಹಲವು ಕಂಪನಿಗಳು ಅದೇ ಔಷಧ ತಯಾರಿಸಿ ಪೈಪೋಟಿಗೆ ಇಳಿಯುತ್ತವೆ. ಕೆಲವು ಸಲ ಮೂಲ ಕಂಪನಿಯೇ ತನ್ನ ಅದೇ ಮಾತ್ರೆಯನ್ನು ಬೇರೆ ಪೊಟ್ಟಣದಲ್ಲಿ ಜೆನೆರಿಕ್ ಆಗಿ ಮಾರುವುದೂ ಉಂಟು. ಬೆಲೆ ಇಳಿದದ್ದಕ್ಕೂ ಗುಣಮಟ್ಟ ಇಳಿದದ್ದಕ್ಕೂ ನಂಟು ಕಟ್ಟಬಾರದು.

ಯಾವ ಔಷಧಗಳಲ್ಲಿ ನಿಜಕ್ಕೂ ಎಚ್ಚರ ಬೇಕು?

ಕೆಲಸ ಮಾಡುವ ಡೋಸಿಗೂ ಹಾನಿ ಮಾಡುವ ಡೋಸಿಗೂ ಅಂತರ ಕಡಿಮೆ ಇರುವ ಔಷಧಗಳಲ್ಲಿ. ರಕ್ತ ತೆಳುವಾಗಿಡುವ ವಾರ್ಫರಿನ್, ಥೈರಾಯ್ಡ್‌ಗೆ ಕೊಡುವ ಲೆವೊಥೈರಾಕ್ಸಿನ್, ಮೂರ್ಛೆಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಮನೋವೈದ್ಯರು ಬರೆಯುವ ಲಿಥಿಯಂ, ಹೃದಯಕ್ಕೆ ಡಿಗಾಕ್ಸಿನ್, ಉಬ್ಬಸಕ್ಕೆ ಥಿಯೋಫಿಲಿನ್, ಅಂಗ ಕಸಿಯ ನಂತರದ ಟ್ಯಾಕ್ರೊಲಿಮಸ್ ಮತ್ತು ಸೈಕ್ಲೊಸ್ಪೊರಿನ್ ಇವುಗಳಲ್ಲಿ ಮುಖ್ಯವಾದವು. ಇಲ್ಲಿ ಶೇ. 10ರ ಏರಿಳಿತವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕಾಗಿಯೇ ಐರೋಪ್ಯ ನಿಯಂತ್ರಕರು ಇಂಥವುಗಳಿಗೆ 80–125ರ ಬದಲು 90.00–111.11 ಎಂಬ ಬಿಗಿ ಮಿತಿ ಇಟ್ಟಿದ್ದಾರೆ. 2007ರಲ್ಲಿ ಎಫ್‌ಡಿಎ ಲೆವೊಥೈರಾಕ್ಸಿನ್ ಮಾತ್ರೆಯಲ್ಲಿ ಅವಧಿ ಮುಗಿಯುವವರೆಗೂ ಔಷಧ ಶೇ. 95ರಿಂದ 105ರೊಳಗೇ ಇರಬೇಕೆಂದು ವಿಧಿಸಿತು.

ಈ ಔಷಧಗಳಲ್ಲೂ ಜೆನೆರಿಕ್ ಬೇಡ ಎನ್ನುವುದು ಸರಿಯಲ್ಲ. ಒಂದೇ ತಯಾರಕರ ಮಾತ್ರೆಗೆ ಅಂಟಿಕೊಳ್ಳಿ; ಅದು ಜೆನೆರಿಕ್ ಆಗಿದ್ದರೂ ಸರಿಯೇ. ಪ್ರತಿ ತಿಂಗಳು ಬೇರೆ ಬೇರೆ ಕಂಪನಿಯದು ಬರುತ್ತಿದ್ದರೆ ಎ ಕಂಪನಿಯದು ಮೂಲಕ್ಕಿಂತ ಚೂರು ಮೇಲೆ, ಬಿ ಕಂಪನಿಯದು ಚೂರು ಕೆಳಗೆ ಎಂದಾಗಿ, ಎರಡರ ನಡುವಿನ ಅಂತರ ಮೂಲದೊಂದಿಗಿನ ಅಂತರಕ್ಕಿಂತ ದೊಡ್ಡದಾಗಬಹುದು.

ಈ ಪಟ್ಟಿಯ ಔಷಧ ಬದಲಾಯಿಸಲೇಬೇಕಾಗಿ ಬಂದರೆ ಏನು ಮಾಡಬೇಕು?

ಬದಲಾದ ದಿನಾಂಕ, ಹಳೆಯ ಮತ್ತು ಹೊಸ ತಯಾರಕರ ಹೆಸರು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿ, ಆಮೇಲೆ ರಕ್ತ ಪರೀಕ್ಷೆ. ವಾರ್ಫರಿನ್ ಆದರೆ ಒಂದೆರಡು ವಾರದೊಳಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ). ಲೆವೊಥೈರಾಕ್ಸಿನ್ ಆದರೆ 6ರಿಂದ 8 ವಾರದ ನಂತರ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಅದಕ್ಕಿಂತ ಮೊದಲು ನೋಡಿದರೆ ಮಟ್ಟ ಇನ್ನೂ ನೆಲೆನಿಂತಿರುವುದಿಲ್ಲ, ತಪ್ಪು ಅರ್ಥ ಕೊಡುತ್ತದೆ. ಲಿಥಿಯಂ ಆದರೆ ಕೊನೆಯ ಡೋಸ್ ತೆಗೆದುಕೊಂಡು 12 ಗಂಟೆ ಆದ ಮೇಲೆ ತೆಗೆದ ರಕ್ತ. ಟ್ಯಾಕ್ರೊಲಿಮಸ್ ಮತ್ತು ಸೈಕ್ಲೊಸ್ಪೊರಿನ್ ಅನ್ನು ಕಸಿ ತಂಡದ ಒಪ್ಪಿಗೆಯಿಲ್ಲದೆ ಒಂದು ದಿನಕ್ಕೂ ಬದಲಾಯಿಸಬಾರದು. ಸೈಕ್ಲೊಸ್ಪೊರಿನ್‌ನಲ್ಲಿ ಹಳೆಯ ಎಣ್ಣೆರೂಪದ ಕ್ಯಾಪ್ಸೂಲೂ ಹೊಸ ಮೈಕ್ರೊಎಮಲ್ಷನ್ ಕ್ಯಾಪ್ಸೂಲೂ ಒಂದಕ್ಕೊಂದು ಸಮವೇ ಅಲ್ಲ.

ಲೆವೊಥೈರಾಕ್ಸಿನ್ ಬಗ್ಗೆ ಇನ್ನೊಂದು ಮಾತು. ಹೊಸ ಕಂಪನಿಯದು ಸರಿಯಿಲ್ಲ ಎಂದು ದೂರುವ ಮೊದಲು ಅದನ್ನು ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ನೋಡಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ, ತಿಂಡಿಗೆ ಮುಂಚೆ 30ರಿಂದ 60 ನಿಮಿಷ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರ ಇರಬೇಕು. ಈ ಕ್ರಮ ತಪ್ಪಿದರೆ ಆಗುವ ಏರುಪೇರು ಕಂಪನಿ ಬದಲಾದಾಗ ಆಗುವುದಕ್ಕಿಂತ ಬಹಳ ದೊಡ್ಡದು.

ಮೂರ್ಛೆ ರೋಗದವರು ಜೆನೆರಿಕ್ ತೆಗೆದುಕೊಳ್ಳಬಾರದು ಎನ್ನುತ್ತಾರಲ್ಲ?

ಭಯಕ್ಕೆ ಕಾರಣ ಇದೆ: ಒಂದೇ ಒಂದು ಫಿಟ್ಸ್ ಬಂದರೂ ವಾಹನ ಓಡಿಸುವುದು, ಉದ್ಯೋಗ, ಕೆಲವೊಮ್ಮೆ ಜೀವವೇ ಅಪಾಯಕ್ಕೆ ಸಿಗುತ್ತದೆ. ಆದರೆ ಅಳೆದು ನೋಡಿದಾಗ ಭಯದಷ್ಟು ಅಂತರ ಕಂಡಿಲ್ಲ. ಮೂರ್ಛೆಗೆ ಕೊಡುವ ಲ್ಯಾಮೊಟ್ರಿಜಿನ್‌ನ ಜೆನೆರಿಕ್‌ಗಳ ಪೈಕಿ ಗುಣದಲ್ಲಿ ಒಂದಕ್ಕೊಂದು ಅತಿ ದೂರ ಇದ್ದ ಎರಡನ್ನೇ ಆರಿಸಿ, ಮೂರ್ಛೆ ರೋಗಿಗಳಲ್ಲೇ ಅದಲುಬದಲು ಮಾಡಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತದ ಮಟ್ಟ ಎರಡರಲ್ಲೂ ಸಮನಾಗಿತ್ತು. ಫಿಟ್ಸ್ ಹತೋಟಿಯಲ್ಲಿದ್ದರೆ ಸುಮ್ಮನೆ ಬದಲಾಯಿಸುವ ಅಗತ್ಯವಿಲ್ಲ. ಹೊಸದಾಗಿ ಚಿಕಿತ್ಸೆ ಶುರುಮಾಡುವವರು ಜೆನೆರಿಕ್‌ನಿಂದಲೇ ಶುರುಮಾಡಿ ಅದೇ ತಯಾರಕರದನ್ನು ಮುಂದುವರಿಸಬಹುದು. ನಿಜವಾದ ಅಪಾಯ ಇರುವುದು ಡೋಸ್ ತಪ್ಪಿಸುವುದರಲ್ಲಿ, ಹೊಸ ಮಾತ್ರೆ ಹೊಂದುತ್ತದೋ ಇಲ್ಲವೋ ಎಂದು ಎರಡು ದಿನ ಬಿಟ್ಟುನೋಡುವುದರಲ್ಲಿ.

ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್, ಎಕ್ಸ್‌ಎಲ್ ಎಂದಿರುತ್ತದೆ. ಅದು ಮುಖ್ಯವೇ?

ಬಹಳ ಮುಖ್ಯ. ಔಷಧ ಬದಲಾಯಿಸುವಾಗ ಆಗುವ ಗಂಭೀರ ತಪ್ಪುಗಳಲ್ಲಿ ದೊಡ್ಡ ಪಾಲು ಈ ಎರಡಕ್ಷರಗಳದ್ದೇ. ಇವು ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಗಳು. ಅದೇ ಔಷಧದ, ಅದೇ ಮಿಲಿಗ್ರಾಂನ ಸಾದಾ ಮಾತ್ರೆ ಇವಕ್ಕೆ ಬದಲಿ ಆಗುವುದಿಲ್ಲ: 24 ಗಂಟೆಯ ಔಷಧ ಒಂದೆರಡು ಗಂಟೆಯಲ್ಲಿ ರಕ್ತಕ್ಕೆ ನುಗ್ಗುತ್ತದೆ, ಸಂಜೆಯ ಹೊತ್ತಿಗೆ ಖಾಲಿಯಾಗಿರುತ್ತದೆ.

ಬಿಪಿಗೆ ಮತ್ತು ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ನೋಡಿ. ಸಕ್ಸಿನೇಟ್ ಎಂದಿದ್ದರೆ ದಿನಕ್ಕೊಮ್ಮೆಯ ನಿಧಾನ ಮಾತ್ರೆ. ಟಾರ್ಟ್ರೇಟ್ ಎಂದಿದ್ದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲದ ಸಾದಾ ಮಾತ್ರೆ. ಡಾಕ್ಟರ್ ಚೀಟಿಯಲ್ಲಿ ಬರೀ ಮೆಟೊಪ್ರೊಲಾಲ್ 50 ಎಂದಿದ್ದರೆ ಯಾವುದು ಎಂದು ಕೇಳಲೇಬೇಕು. ಮೂರ್ಛೆಗೆ ಕೊಡುವ ವಾಲ್ಪ್ರೊಯೇಟ್‌ನಲ್ಲಿ ಕರುಳಿಗೆ ಹೋಗಿ ಕರಗುವ ಡಿಆರ್ ಮಾತ್ರೆಯಿಂದ ದಿನವಿಡೀ ಬಿಡುವ ಇಆರ್ ಮಾತ್ರೆಗೆ ಹೋಗುವಾಗ ದಿನದ ಒಟ್ಟು ಡೋಸನ್ನು ಶೇ. 8ರಿಂದ 20ರಷ್ಟು ಏರಿಸಬೇಕಾಗುತ್ತದೆ. ಅದನ್ನು ಮಾಡಬೇಕಾದವರು ವೈದ್ಯರು.

ನಿಧಾನ ಮಾತ್ರೆಗಳಲ್ಲಿ ಜೆನೆರಿಕ್ ಎಡವಿದ ಉದಾಹರಣೆಗಳೂ ನಿಜವಾದವೇ. ಖಿನ್ನತೆಗೆ ಕೊಡುವ ಬ್ಯುಪ್ರೊಪಿಯಾನ್ ಎಕ್ಸ್‌ಎಲ್‌ನ 300 ಮಿಲಿಗ್ರಾಂ ಜೆನೆರಿಕ್ ಒಂದಕ್ಕೆ ಅದರ 150 ಮಿಲಿಗ್ರಾಂ ಮಾತ್ರೆಯ ಅಧ್ಯಯನದ ಆಧಾರದ ಮೇಲೆ ಅನುಮತಿ ಕೊಡಲಾಗಿತ್ತು. ಔಷಧ ಹಿಡಿಯುತ್ತಿಲ್ಲ ಎಂದು ರೋಗಿಗಳಿಂದ ದೂರು ಬಂದ ಮೇಲೆ ಎಫ್‌ಡಿಎ 300ನ್ನೇ ನೇರವಾಗಿ ಪರೀಕ್ಷಿಸಿತು, ಅದು ಸಮನಾಗಿರಲಿಲ್ಲ. 2012ರಲ್ಲಿ ಆ ಉತ್ಪನ್ನ ಮಾರುಕಟ್ಟೆಯಿಂದ ಹೊರಬಿತ್ತು. 2014ರಲ್ಲಿ ಏಕಾಗ್ರತೆಯ ತೊಂದರೆಗೆ ಕೊಡುವ ಮಿಥೈಲ್‌ಫೆನಿಡೇಟ್‌ನ ಎರಡು ನಿಧಾನ ಜೆನೆರಿಕ್‌ಗಳಿಗೂ ಮೂಲಕ್ಕೆ ಬದಲಿಯಾಗಿ ಕೊಡಬಹುದು ಎಂಬ ದರ್ಜೆಯನ್ನು ಅದೇ ಸಂಸ್ಥೆ ಹಿಂತೆಗೆದುಕೊಂಡಿತು. ರೋಗಿಗಳ ದೂರಿಗೆ ಬೆಲೆ ಕೊಡಬೇಕು ಎನ್ನುವುದು ಇದಕ್ಕಾಗಿಯೇ.

ನಿಧಾನ ಮಾತ್ರೆಯನ್ನು ಪುಡಿಮಾಡಬೇಡಿ, ಅಗಿಯಬೇಡಿ. ಮಧ್ಯದಲ್ಲಿ ಗೆರೆ ಇದ್ದು, ಮುರಿಯಬಹುದು ಎಂದು ಪೊಟ್ಟಣದ ಜತೆಗಿನ ಹಾಳೆಯಲ್ಲಿ ಬರೆದಿದ್ದರೆ ಮಾತ್ರ ಮುರಿಯಿರಿ. ಕೆಲವು ಮಾತ್ರೆಗಳ ಖಾಲಿ ಚಿಪ್ಪು ಮಲದಲ್ಲಿ ಹಾಗೇ ಕಾಣಿಸಿಕೊಳ್ಳುತ್ತದೆ. ಔಷಧ ಒಳಗೆ ಬಿಟ್ಟುಹೋಗಿರುತ್ತದೆ, ಗಾಬರಿ ಬೇಡ.

ಜೆನೆರಿಕ್‌ಗೆ ಬದಲಾದ ಮೇಲೆ ನನಗೆ ಸರಿಹೋಗುತ್ತಿಲ್ಲ. ಇದು ಬರೀ ಮನಸ್ಸಿನ ಭ್ರಮೆಯೇ?

ಹಾಗೆಂದು ತಳ್ಳಿಹಾಕುವುದು ತಪ್ಪು. ಈ ಮಾತ್ರೆ ಕೀಳು ಎಂಬ ನಂಬಿಕೆ ನಿಜವಾದ ತಲೆನೋವನ್ನು, ನಿಜವಾದ ಸುಸ್ತನ್ನು ತರಬಲ್ಲದು. ಇದಕ್ಕೆ ನೊಸೀಬೊ ಪರಿಣಾಮ ಎನ್ನುತ್ತಾರೆ. ಅಡ್ಡಪರಿಣಾಮ ತಾಳಲಾರದೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಬಿಟ್ಟ 60 ಮಂದಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವಿಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದೆ ಇಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸ್ಟ್ಯಾಟಿನ್ ತಿಂಗಳುಗಳಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಔಷಧವಿಲ್ಲದ ಮಾತ್ರೆಯಲ್ಲೂ ಕಂಡಿತು. ಅನುಭವಿಸಿದ ನೋವು ಸುಳ್ಳಲ್ಲ, ಕಾರಣ ಮಾತ್ರ ಬೇರೆ.

ಅದೇ ಸಮಯದಲ್ಲಿ ಬೇರೆ ಏನು ಬದಲಾಯಿತು ಎಂದೂ ನೋಡಿ: ಹೊಸದಾಗಿ ಸೇರಿದ ಇನ್ನೊಂದು ಔಷಧ, ತಪ್ಪಿದ ಡೋಸುಗಳು, ಊಟದ ಹೊತ್ತು, ಮಾತ್ರೆಯ ಶಕ್ತಿ ಅಥವಾ ಸಾಲ್ಟ್ (ಸಕ್ಸಿನೇಟ್, ಟಾರ್ಟ್ರೇಟ್‌ನಂಥದ್ದು), ಸ್ನಾನದ ಮನೆಯ ಬಿಸಿ ತೇವದಲ್ಲಿ ಇಟ್ಟ ಡಬ್ಬಿ. ಅಳೆಯಬಹುದಾದದ್ದನ್ನು ಅಳೆಯಿರಿ. ಬಿಪಿ ಮಾತ್ರೆಯಾದರೆ ಒಂದು ವಾರ ಬೆಳಗ್ಗೆ, ಸಂಜೆ ಎರಡೆರಡು ಸಲ ನೋಡಿ ಬರೆದಿಡಿ. ಸಕ್ಕರೆ ಕಾಯಿಲೆಯಾದರೆ ಖಾಲಿ ಹೊಟ್ಟೆಯ ಸಕ್ಕರೆ. ಆ ಅಂಕಿಗಳನ್ನೂ ಹಳೆಯ, ಹೊಸ ಸ್ಟ್ರಿಪ್‌ಗಳನ್ನೂ ವೈದ್ಯರ ಮುಂದಿಡಿ. ಅಂಕಿ ನಿಜವಾಗಿಯೂ ಹದಗೆಟ್ಟಿದ್ದರೆ ಹಳೆಯದಕ್ಕೆ ಮರಳಬಹುದು, ಇನ್ನೊಂದು ತಯಾರಕರದ್ದನ್ನು ನೋಡಬಹುದು. ಔಷಧದ ದೂರು ದಾಖಲಿಸುವ ವ್ಯವಸ್ಥೆಗೆ ಬ್ಯಾಚ್ ಸಂಖ್ಯೆಯೊಂದಿಗೆ ತಿಳಿಸುವಂತೆ ಕೇಳಬೇಕು. ತಾವಾಗಿಯೇ ನಿಲ್ಲಿಸುವುದು ಮಾತ್ರ ಬೇಡ.

ಮಾತ್ರೆಯ ಬಣ್ಣ ಬದಲಾಗಿದೆ. ನುಂಗಬಹುದೇ?

ಸ್ಟ್ರಿಪ್ ಮೇಲಿನ ಸಕ್ರಿಯ ಘಟಕದ ಹೆಸರು, ಮಿಲಿಗ್ರಾಂ, ನಿಧಾನ ಬಿಡುಗಡೆಯ ಅಕ್ಷರಗಳು ಮೂರೂ ಹಳೆಯದಕ್ಕೆ ಹೊಂದಿದರೆ ನುಂಗಬಹುದು. ಬಣ್ಣದ ಬದಲಾವಣೆಯ ನಿಜವಾದ ಅಪಾಯ ಬೇರೆ ಎರಡಿವೆ. ಹೃದಯಾಘಾತದ ನಂತರದ ಮಾತ್ರೆಗಳ ಬಣ್ಣ ಅಥವಾ ಆಕಾರ ಬದಲಾದಾಗ ಅವನ್ನು ನಿಲ್ಲಿಸಿಬಿಡುವವರು ಹೆಚ್ಚುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ಇನ್ನೊಂದು, ಹೊಸ ಹೆಸರಿನದ್ದು ಹೊಸ ಔಷಧ ಎಂದುಕೊಂಡು ಹಳೆಯದರ ಜತೆಗೇ ಅದನ್ನೂ ನುಂಗುವುದು. ಪ್ಯಾರಾಸಿಟಮಾಲ್‌ನಲ್ಲಿ ಇದು ಬಹಳ: ಜ್ವರಕ್ಕೊಂದು, ನೆಗಡಿಗೊಂದು, ಮೈಕೈ ನೋವಿಗೊಂದು ಬೇರೆ ಬೇರೆ ಹೆಸರು, ಒಳಗೆಲ್ಲ ಅದೇ. ವಯಸ್ಕರಿಗೆ 24 ಗಂಟೆಯಲ್ಲಿ ಒಟ್ಟು 4 ಗ್ರಾಂ ದಾಟಿದರೆ ಯಕೃತ್ತಿಗೆ ಅಪಾಯ. ವಯಸ್ಸಾದವರ ಮನೆಯಲ್ಲಿ ಹೊಸ ಸ್ಟ್ರಿಪ್ ಬಂದ ದಿನವೇ ಹಳೆಯದನ್ನು ತೆಗೆದುಬಿಡಿ.

ತುಂಬುಪದಾರ್ಥಗಳಿಂದ ಅಲರ್ಜಿ ಆಗಬಹುದೇ?

ಅಪರೂಪಕ್ಕೆ ಆಗಬಹುದು, ಬ್ರ್ಯಾಂಡಿನಲ್ಲೂ ಆಗಬಹುದು. ಟಾರ್ಟ್ರಜೀನ್ ಎಂಬ ಹಳದಿ ಬಣ್ಣ ಕೆಲವರಿಗೆ ಹಿಡಿಸುವುದಿಲ್ಲ. ಗೋಧಿಯ ಗ್ಲೂಟೆನ್ ಆಗದ ಸೀಲಿಯಾಕ್ ರೋಗಿಗಳು ಪಿಷ್ಟದ ಮೂಲ ಕೇಳಬೇಕು. ಫಿನೈಲ್‌ಕೀಟೊನೂರಿಯಾ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರುವವರು ಆಸ್ಪಾರ್ಟೇಮ್ ಎಂಬ ಸಿಹಿಕಾರಕ ಹಾಕಿದ, ಬಾಯಲ್ಲಿ ಕರಗುವ ಮಾತ್ರೆಗಳನ್ನು ಬಿಡಬೇಕು. ಲ್ಯಾಕ್ಟೋಸ್ ಒಂದು ಮಾತ್ರೆಯಲ್ಲಿ ಇರುವಷ್ಟರಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ.

ತುಂಬುಪದಾರ್ಥ ಎಷ್ಟು ದೊಡ್ಡ ಪೆಟ್ಟು ಕೊಡಬಲ್ಲದು ಎಂಬುದಕ್ಕೆ ಹಳೆಯ ಉದಾಹರಣೆ 1968ರ ಆಸ್ಟ್ರೇಲಿಯಾದ್ದು. ಫೆನಿಟಾಯಿನ್ ಕ್ಯಾಪ್ಸೂಲಿನಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ತೆಗೆದು ಲ್ಯಾಕ್ಟೋಸ್ ಹಾಕಿದರು. ಔಷಧದ ಪ್ರಮಾಣ ಅದೇ ಇತ್ತು, ಆದರೆ ಹೀರಿಕೆ ಏರಿತು, ರೋಗಿಗಳಲ್ಲಿ ಔಷಧ ವಿಷವಾಗಿ ತಿರುಗಿತು. 1971ರಲ್ಲಿ ಬೇರೆ ಬೇರೆ ಡಿಗಾಕ್ಸಿನ್ ಮಾತ್ರೆಗಳನ್ನು ಹೋಲಿಸಿದಾಗ ರಕ್ತದ ಮಟ್ಟದಲ್ಲಿ ಏಳು ಪಟ್ಟಿನವರೆಗೂ ಅಂತರ ಕಂಡಿತು. ಇಂದಿನ ಬಯೋಈಕ್ವಿವಲೆನ್ಸ್ ನಿಯಮಗಳ ಹಿಂದೆ ಇರುವುದು ಇಂಥ ಪಾಠಗಳೇ.

ಕಾರ್ಖಾನೆಯ ಗುಣಮಟ್ಟದ ಮೇಲೆ ಅನುಮಾನ ಬಂದರೆ?

ಅದು ನ್ಯಾಯವಾದ ಅನುಮಾನ, ಮತ್ತು ಬಯೋಈಕ್ವಿವಲೆನ್ಸ್ ಅಧ್ಯಯನ ಇದಕ್ಕೆ ಉತ್ತರ ಕೊಡುವುದಿಲ್ಲ. ಆ ಅಧ್ಯಯನ ನಡೆಯುವುದು ಒಂದು ಬ್ಯಾಚಿನ ಮೇಲೆ. ಮುಂದಿನ ಸಾವಿರ ಬ್ಯಾಚುಗಳು ಹಾಗೇ ಇರಬೇಕಾದರೆ ಕಾರ್ಖಾನೆಯ ಶಿಸ್ತು, ತಪಾಸಣೆ ಗಟ್ಟಿಯಾಗಿರಬೇಕು. 2018ರಲ್ಲಿ ಬಿಪಿಯ ವಾಲ್ಸಾರ್ಟನ್ ಜೆನೆರಿಕ್‌ಗಳಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಲ್ಲ ಕಲ್ಮಶ ಸಿಕ್ಕಿ ಹಲವು ದೇಶಗಳಲ್ಲಿ ಹಿಂಪಡೆಯಬೇಕಾಯಿತು. ಕಚ್ಚಾ ಔಷಧ ತಯಾರಿಸುವ ವಿಧಾನ ಬದಲಿಸಿದ್ದರಿಂದ ಹುಟ್ಟಿದ ಕಲ್ಮಶ ಅದು. ಅಸಿಡಿಟಿಗೆ ಕೊಡುತ್ತಿದ್ದ ರಾನಿಟಿಡಿನ್‌ನಲ್ಲಿ ಅದೇ ಕಲ್ಮಶ ಕಂಡಾಗ ತೊಂದರೆ ಅಣುವಿನಲ್ಲೇ ಇತ್ತು. 2020ರಲ್ಲಿ ಎಫ್‌ಡಿಎ ಬ್ರ್ಯಾಂಡ್, ಜೆನೆರಿಕ್ ಎನ್ನದೆ ಎಲ್ಲವನ್ನೂ ತೆಗೆಸಿತು.

ಕೊಳ್ಳುವವರು ಮಾಡಬಹುದಾದದ್ದು: ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ, ಬಿಲ್ ಪಡೆಯಿರಿ. ಸ್ಟ್ರಿಪ್‌ನಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ತಿಂಗಳು ಸ್ಪಷ್ಟವಾಗಿ ಇರಬೇಕು. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಇವು ಇಲ್ಲದಿದ್ದರೆ ಕೊಳ್ಳಬೇಡಿ. ಮಾತ್ರೆ ಪುಡಿಯಾಗುತ್ತಿದ್ದರೆ, ಮೇಲೆ ಚುಕ್ಕೆ ಬಿದ್ದಿದ್ದರೆ, ಕ್ಯಾಪ್ಸೂಲ್ ಅಂಟಿಕೊಂಡಿದ್ದರೆ ಹಿಂದಿರುಗಿಸಿ. ಹಿಂಪಡೆದ ಸುದ್ದಿ ಬಂದಾಗ ಬ್ಯಾಚ್ ಸಂಖ್ಯೆ ಹೋಲಿಸಿ ನೋಡಿ, ಬದಲಿ ಸಿಗುವವರೆಗೆ ಏನು ಮಾಡಬೇಕು ಎಂದು ವೈದ್ಯರನ್ನು ಕೇಳಿ. ಬಿಪಿ ಮಾತ್ರೆಯನ್ನು ದಿಢೀರನೆ ಬಿಡುವುದು ಕಲ್ಮಶಕ್ಕಿಂತ ಹೆಚ್ಚು ಅಪಾಯ ಆಗಬಹುದು.

ಮಕ್ಕಳ ಸಿರಪ್ ಬದಲಾಯಿಸಬಹುದೇ?

ಬದಲಾಯಿಸಬಹುದು, ಆದರೆ ಎಷ್ಟು ಎಂಎಲ್ ಎಂಬ ಹಳೆಯ ನೆನಪಿನಲ್ಲಿ ಕೊಡಬೇಡಿ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಮಿಲಿಗ್ರಾಂನದ್ದೂ ಇದೆ, 250 ಮಿಲಿಗ್ರಾಂನದ್ದೂ ಇದೆ. ಮೊದಲನೆಯದರ ಅಳತೆಯಲ್ಲಿ ಎರಡನೆಯದನ್ನು ಕೊಟ್ಟರೆ ಡೋಸ್ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಮಗುವಿನ ತೂಕಕ್ಕೆ ಬೇಕಾದ ಮಿಲಿಗ್ರಾಂ ಎಷ್ಟು, ಈ ಬಾಟಲಿಯಲ್ಲಿ ಅದು ಎಷ್ಟು ಎಂಎಲ್ ಎಂದು ಫಾರ್ಮಸಿಸ್ಟ್ ಹತ್ತಿರ ಲೆಕ್ಕ ಹಾಕಿಸಿ, ಬಾಟಲಿಯ ಮೇಲೆ ಬರೆಸಿಕೊಳ್ಳಿ.

ಇನ್‌ಹೇಲರ್, ಚುಚ್ಚುಮದ್ದು, ಇನ್ಸುಲಿನ್‌ಗಳ ವಿಷಯ?

ಇನ್‌ಹೇಲರ್‌ನಲ್ಲಿ ಔಷಧದಷ್ಟೇ ಉಪಕರಣವೂ ಮುಖ್ಯ. ಒಂದರಲ್ಲಿ ನಿಧಾನವಾಗಿ ಉಸಿರೆಳೆಯಬೇಕು, ಪುಡಿ ಇರುವ ಇನ್ನೊಂದರಲ್ಲಿ ಜೋರಾಗಿ ಎಳೆಯಬೇಕು. ಉಪಕರಣ ಬದಲಾದರೆ ಅಂಗಡಿಯಲ್ಲೇ ಬಳಸಿ ತೋರಿಸಿಕೊಳ್ಳಿ, ಇಲ್ಲದಿದ್ದರೆ ಔಷಧ ಗಂಟಲಲ್ಲೇ ಉಳಿಯುತ್ತದೆ.

ಆಸ್ಪತ್ರೆಯ ಚುಚ್ಚುಮದ್ದುಗಳಲ್ಲಿ ರೂಪ ನೋಡದೆ ಬದಲಿಸುವುದು ಜೀವಕ್ಕೇ ಅಪಾಯ. ಶಿಲೀಂಧ್ರದ ಸೋಂಕಿಗೆ ಕೊಡುವ ಆಂಫೊಟೆರಿಸಿನ್‌ನ ಲಿಪೊಸೋಮಲ್ (ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ಸುತ್ತಿದ) ರೂಪವನ್ನು ದೇಹತೂಕದ ಪ್ರತಿ ಕಿಲೋಗೆ 3ರಿಂದ 5 ಮಿಲಿಗ್ರಾಂ ಕೊಡುವುದುಂಟು. ಸಾದಾ ರೂಪ ದಿನಕ್ಕೆ ಪ್ರತಿ ಕಿಲೋಗೆ 1.5 ಮಿಲಿಗ್ರಾಂ ಮೀರುವಂತಿಲ್ಲ.

ಇನ್ಸುಲಿನ್ ಮತ್ತು ಆಂಟಿಬಾಡಿ ಔಷಧಗಳು ಜೀವಕೋಶಗಳಲ್ಲಿ ತಯಾರಾಗುವ ದೊಡ್ಡ ಅಣುಗಳು, ಅವನ್ನು ಅಚ್ಚು ಹೊಡೆದಂತೆ ನಕಲು ಮಾಡಲಾಗುವುದಿಲ್ಲ. ಆದ್ದರಿಂದ ಅವುಗಳ ಸಮಾನ ರೂಪಗಳನ್ನು ಬಯೋಸಿಮಿಲರ್ ಎಂದು ಬೇರೆಯಾಗಿ ಪರಿಗಣಿಸಿ ಇನ್ನೂ ಹೆಚ್ಚು ಹೋಲಿಕೆ ಪರೀಕ್ಷೆ ಕೇಳುತ್ತಾರೆ. ಯುರೋಪಿನಲ್ಲಿ ಮೊದಲ ಬಯೋಸಿಮಿಲರ್‌ಗೆ ಅನುಮತಿ ಸಿಕ್ಕಿದ್ದು 2006ರಲ್ಲಿ. ಇನ್ಸುಲಿನ್ ಬದಲಾದರೆ ಮೊದಲ ಕೆಲವು ವಾರ ಸಕ್ಕರೆಯನ್ನು ಹೆಚ್ಚು ಸಲ ನೋಡಿಕೊಳ್ಳಿ. ಹೊಸ ಪೆನ್ನಿನ ಒಂದು ಕ್ಲಿಕ್ ಎಷ್ಟು ಯೂನಿಟ್ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.